ಸ್ಪರ್ಧೆಯ ವಾರ ಮೈ ಕೈಕೊಟ್ಟರೆ: ಉಪ್ಪು, ನೀರಿನ ದೋಷ ಹುಡುಕುವ ಬಗೆ

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರದ ಒಂದು ಸಣ್ಣ ಜಿಮ್‌ನಲ್ಲಿ ನಾನು ಹುಡುಗರನ್ನು ದೇಹದಾರ್ಢ್ಯ ಸ್ಪರ್ಧೆಗೆ ತಯಾರು ಮಾಡುತ್ತೇನೆ. ಸ್ಪರ್ಧೆಗೆ ಎರಡು ಮೂರು ದಿನ ಇರುವಾಗ ಬರುವ ಫೋನು ಯಾವಾಗಲೂ ಒಂದೇ ಥರ. "ಅಣ್ಣಾ, ಉಪ್ಪು ಬಿಟ್ಟೀನಿ, ನೀರೂ ಬಿಟ್ಟೀನಿ, ಆದ್ರೂ ಮೈ ಒಣಗವಲ್ದು. ಈಗೇನ್ ಮಾಡ್ಲಿ?" ಮೈ ಒಣಗುವುದು ಅಂದರೆ ಚರ್ಮದ ಕೆಳಗಿನ ನೀರು ಹೋಗಿ ಸ್ನಾಯುವಿನ ಗೆರೆ ಎದ್ದು ಕಾಣುವುದು.

ಮೊದಲು ಒಂದು ಲೋಟ ನೀರು ಕುಡಿ, ಅನ್ನಕ್ಕೆ ಉಪ್ಪು ಹಾಕಿಕೊಂಡು ತಿನ್ನು, ಆಮೇಲೆ ಮಾತಾಡೋಣ ಅನ್ನುತ್ತೇನೆ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇರುವುದಿಲ್ಲ. ಹನ್ನೆರಡು ವಾರ ಹಸಿದಿದ್ದ ಹುಡುಗನಿಗೆ ಇದು ಹುಚ್ಚು ಮಾತಾಗಿ ಕೇಳುತ್ತದೆ, ನನಗೆ ಗೊತ್ತು. ಆದರೆ ನಾನು ಕಂಡ ಕೇಸುಗಳಲ್ಲಿ ಜಾಸ್ತಿ ಪಾಲು ಉಪ್ಪು ನೀರು ಬಿಟ್ಟಿದ್ದೇ ದೋಷ. ಬಿಡದೇ ಇದ್ದದ್ದಲ್ಲ.

ಈ ಕೈಪಿಡಿ ಅಂಥ ಹುಡುಗರಿಗಾಗಿ, ಅವರನ್ನು ತಯಾರು ಮಾಡುವವರಿಗಾಗಿ. ಬಿಪಿ, ಕಿಡ್ನಿ, ಹೃದಯದ ತೊಂದರೆ ಇದ್ದವರು ಇದನ್ನು ನೋಡಿ ಉಪ್ಪು ಹೆಚ್ಚು ಕಡಿಮೆ ಮಾಡಬೇಡಿ. ನಿಮ್ಮ ಡಾಕ್ಟರ್ ಹೇಳಿದ್ದೇ ನಿಮಗೆ ಲೆಕ್ಕ.

ಕನ್ನಡಿಗಿಂತ ಮೊದಲು ನೋಡಬೇಕಾದ್ದು

ಎದೆ ತಪ್ಪಿ ತಪ್ಪಿ ಬಡಿಯುತ್ತಿದೆಯಾ? ಎದ್ದು ನಿಂತರೆ ಕಣ್ಣು ಕತ್ತಲೆ ಬರುತ್ತದಾ? ಎಂಟು ತಾಸು ಕಳೆದರೂ ಮೂತ್ರವೇ ಆಗಿಲ್ಲವಾ? ತಲೆ ಸಿಡಿಯುವಂಥ ನೋವು, ಜೊತೆಗೆ ವಾಂತಿ? ಮಾತು ತೊದಲುತ್ತಿದೆಯಾ, ಕೇಳಿದ್ದಕ್ಕೆ ಬೇರೇನೋ ಉತ್ತರ ಬರುತ್ತಿದೆಯಾ? ಇವುಗಳಲ್ಲಿ ಒಂದು ಇದ್ದರೂ ದೋಷ ಹುಡುಕುವ ಕೆಲಸ ನಮ್ಮದಲ್ಲ. 108ಕ್ಕೆ ಫೋನ್ ಮಾಡಿ, ಇಲ್ಲವೇ ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಇಸಿಜಿ ತೆಗೆಯಲಿ, ರಕ್ತದಲ್ಲಿ ಸೋಡಿಯಂ, ಪೊಟ್ಯಾಸಿಯಂ ನೋಡಲಿ. ಏನೇನು ತಿಂದಿದ್ದಾನೆ, ಯಾವ ಗುಳಿಗೆ ನುಂಗಿದ್ದಾನೆ ಅನ್ನುವುದನ್ನು ಡಾಕ್ಟರ್ ಮುಂದೆ ಮುಚ್ಚಿಡಬೇಡಿ. ಮಾನ ಹೋಗುತ್ತದೆ ಅಂತ ಸುಮ್ನಿದ್ದರೆ ಜೀವ ಹೋಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ನೀರು ಕಡಿಮೆಯಾದವನೂ, ಉಪ್ಪಿಲ್ಲದೆ ನೀರು ಜಾಸ್ತಿ ಕುಡಿದವನೂ ನೋಡಲು ಒಂದೇ ಥರ ಕಾಣುತ್ತಾರೆ. ಇಬ್ಬರಿಗೂ ತಲೆ ಸುತ್ತು, ಸುಸ್ತು, ವಾಕರಿಕೆ. ನನ್ನ ಹತ್ತಿರ ಬರುತ್ತಿದ್ದ ಒಬ್ಬ ಹುಡುಗ ಯಾರದೋ ಮಾತು ಕೇಳಿ ಐದು ದಿನ ಚೂರೂ ಉಪ್ಪಿಲ್ಲದೆ ದಿನಕ್ಕೆ ಹತ್ತು ಲೀಟರ್ ನೀರು ಕುಡಿದಿದ್ದ. ಆರನೇ ದಿನ ಅವನ ತಮ್ಮ ಬೈಕ್ ಮೇಲೆ ಅವನನ್ನು ಜಿಮ್ಮಿಗೆ ಕರೆತಂದ. ಶೂ ಲೇಸ್ ಕಟ್ಟಲು ಬಗ್ಗಿದವನಿಗೆ ಗಂಟು ಹಾಕುವುದೇ ಮರೆತುಹೋಗಿತ್ತು. ಲೇಸ್ ಹಿಡಿದುಕೊಂಡು ಅದನ್ನೇ ನೋಡುತ್ತಾ ಕೂತಿದ್ದ. ಪಕ್ಕದವನು "ನೀರ್ ಕುಡಸ್ರಿ" ಅಂತ ಬಾಟಲಿ ತಂದ. ನಾನು ಕೈ ಅಡ್ಡ ಹಿಡಿದೆ. ಆಸ್ಪತ್ರೆಯಲ್ಲಿ ನೋಡಿದರೆ ಸೋಡಿಯಂ 125ಕ್ಕಿಂತ ಕೆಳಗೆ ಇಳಿದಿತ್ತು. ಇರಬೇಕಾದ್ದು ಲೀಟರಿಗೆ 135ರಿಂದ 145 ಮಿಲಿಮೋಲ್. ಅವತ್ತು ಆ ಬಾಟಲಿ ಕುಡಿಸಿದ್ದರೆ ಏನಾಗುತ್ತಿತ್ತೋ ನೆನೆಸಿಕೊಳ್ಳಲೂ ಮನಸ್ಸಾಗುವುದಿಲ್ಲ. ಕಿಡ್ನಿ ಗಂಟೆಗೆ ಹೆಚ್ಚೆಂದರೆ ಒಂದು ಲೀಟರಿನಷ್ಟು ನೀರು ಹೊರಹಾಕಬಲ್ಲದು. ಉಪ್ಪೇ ತಿನ್ನದವನಲ್ಲಿ, ಊಟ ಕಡಿಮೆ ಮಾಡಿದವನಲ್ಲಿ ಅಷ್ಟೂ ಆಗುವುದಿಲ್ಲ. ಉಳಿದ ನೀರು ರಕ್ತ ತೆಳುವಾಗಿಸುತ್ತದೆ, ಮಿದುಳು ಊದುತ್ತದೆ.

ನೀರು ಇಳಿಸುವ ಗುಳಿಗೆ ಬಗ್ಗೆ ನನ್ನ ಮಾತು ಒಂದೇ: ಮುಟ್ಟಬೇಡಿ. ಫ್ಯೂರೋಸೆಮೈಡ್ ಇರಲಿ, ಸ್ಪೈರೊನೊಲ್ಯಾಕ್ಟೋನ್ ಇರಲಿ, ಅವು ರೋಗಿಗಳ ಔಷಧ. ಉದ್ದೀಪನ ಮದ್ದಿನ ನಿಷೇಧ ಪಟ್ಟಿಯಲ್ಲೂ ಇವೆ. 1992ರಲ್ಲಿ ದೇಹದಾರ್ಢ್ಯ ಪಟು ಮೊಹಮ್ಮದ್ ಬೆನಾಝೀಝಾ ನೆದರ್‌ಲ್ಯಾಂಡ್ಸ್‌ನಲ್ಲಿ ಸ್ಪರ್ಧೆ ಮುಗಿದ ಕೆಲವೇ ಗಂಟೆಗಳಲ್ಲಿ ತೀರಿಹೋದರು. ಮೈಯಲ್ಲಿ ನೀರು ಬತ್ತಿದ್ದು, ಈ ಗುಳಿಗೆಗಳು ಕಾರಣ ಅಂತಲೇ ಹೇಳಲಾಯಿತು. 1994ರಲ್ಲಿ ಅಮೆರಿಕದ ಆರ್ನಾಲ್ಡ್ ಕ್ಲಾಸಿಕ್ ಸ್ಪರ್ಧೆಯಲ್ಲಿ ಪಾಲ್ ಡಿಲೆಟ್ ವೇದಿಕೆ ಮೇಲೆ ಪೋಸ್ ಕೊಡುತ್ತಲೇ ಮರಗಟ್ಟಿ ನಿಂತರು. ಬೇರೆಯವರು ಹೊತ್ತು ಇಳಿಸಬೇಕಾಯಿತು. ಪ್ರಪಂಚದ ದೊಡ್ಡ ದೊಡ್ಡ ಪೈಲ್ವಾನರ ಗತಿಯೇ ಇದು. ಇನ್ನೊಂದು ಅಪಾಯ ನಮ್ಮ ಅಡುಗೆಮನೆಯಲ್ಲೇ ಇದೆ. ಅಂಗಡಿಯಲ್ಲಿ "ಸೋಡಿಯಂ ಕಡಿಮೆ" ಅಂತ ಮಾರುವ ಉಪ್ಪಿನಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ಇರುತ್ತದೆ. ಸ್ಪೈರೊನೊಲ್ಯಾಕ್ಟೋನ್ ಪೊಟ್ಯಾಸಿಯಂ ಹೊರಹೋಗದ ಹಾಗೆ ತಡೆಯುತ್ತದೆ. ಎರಡೂ ಸೇರಿದರೆ ರಕ್ತದ ಪೊಟ್ಯಾಸಿಯಂ ಏರಿ ಹೃದಯ ನಿಂತುಬಿಡಬಹುದು.

ಒಳಗಿನ ಲೆಕ್ಕ

ದೋಷ ಹುಡುಕಬೇಕಾದರೆ ಯಂತ್ರ ಹೇಗೆ ಓಡುತ್ತದೆ ಅನ್ನುವುದು ಗೊತ್ತಿರಬೇಕು ಅಲ್ವಾ. 70 ಕೆಜಿ ಗಂಡಸಿನ ಮೈಯಲ್ಲಿ ಸುಮಾರು 42 ಲೀಟರ್ ನೀರಿದೆ. ಅದರಲ್ಲಿ ಮೂರನೇ ಎರಡು ಪಾಲು ಜೀವಕೋಶಗಳ ಒಳಗೆ. ಉಳಿದದ್ದು ಹೊರಗೆ: ಚರ್ಮದ ಕೆಳಗೆ, ಸಂದುಗಳಲ್ಲಿ, ರಕ್ತದಲ್ಲಿ. ಸ್ನಾಯು ಅಂದರೆ ಮುಕ್ಕಾಲು ಪಾಲು ನೀರೇ.

ನಮ್ಮ ಹುಡುಗರ ಆಸೆ ಏನು? ಚರ್ಮದ ಕೆಳಗಿನ ನೀರು ಹೋಗಲಿ, ಸ್ನಾಯುವಿನ ನೀರು ಉಳಿಯಲಿ. ಆದರೆ ಈ ಕೋಣೆಗಳ ನಡುವೆ ಬೀಗ ಇಲ್ಲ. ಚರ್ಮದ ಕೆಳಗಿನ ನೀರಿಗೂ ರಕ್ತದ ನೀರಿಗೂ ಒಂದೇ ಕಾಲುವೆ. ನೀರು ಕುಡಿಯುವುದು ನಿಲ್ಲಿಸಿದರೆ ರಕ್ತ ಕುಗ್ಗುತ್ತದೆ, ಸ್ನಾಯು ಕುಗ್ಗುತ್ತದೆ, ಚರ್ಮದ ಕೆಳಗೂ ಕಡಿಮೆಯಾಗುತ್ತದೆ. "ಇಲ್ಲಿಂದ ಮಾತ್ರ ತೆಗೆ" ಅಂತ ಹೇಳುವ ನಲ್ಲಿ ನಮ್ಮ ಕೈಯಲ್ಲಿಲ್ಲ.

ಉಪ್ಪು ದಿಢೀರ್ ಬಿಟ್ಟರೆ ದೇಹ ಸುಮ್ಮನಿರುವುದಿಲ್ಲ. ಒಂದೆರಡು ದಿನದಲ್ಲೇ ಆಲ್ಡೋಸ್ಟೀರೋನ್ ಅನ್ನುವ ಹಾರ್ಮೋನು ಏರುತ್ತದೆ. ಇರುವ ಸೋಡಿಯಂ ಬಿಡಬೇಡ ಅಂತ ಕಿಡ್ನಿಗೆ ಆಜ್ಞೆ ಹೋಗುತ್ತದೆ. ನೀರು ಬಿಟ್ಟರೆ ಇನ್ನೊಂದು ಹಾರ್ಮೋನು ಮೂತ್ರ ಕಟ್ಟುತ್ತದೆ. ನಮ್ಮ ಕಡೆ ಬರಗಾಲ ಕಂಡ ಅಜ್ಜಿಯರು ಕಾಳು ಕಣಜದಲ್ಲಿಟ್ಟು ಬಾಯಿ ಮೆತ್ತಿಸುತ್ತಿದ್ದರಲ್ಲ, ಹಾಗೇ. ಬರ ಬಂತು ಅಂತ ದೇಹಕ್ಕೆ ಅನ್ನಿಸಿದರೆ ಕಣಜದ ಬಾಯಿ ಮುಚ್ಚುತ್ತದೆ. ಅಂಥ ಹೊತ್ತಿನಲ್ಲಿ ಸ್ಪರ್ಧೆಯ ಹಿಂದಿನ ರಾತ್ರಿ ಸ್ವಲ್ಪ ಉಪ್ಪು ತಿಂದರೂ ಅದು ಒಳಗೇ ನಿಲ್ಲುತ್ತದೆ.

ಹಾಗಾಗಿ ನಾನು ಹುಡುಕುವುದು "ಉಪ್ಪು ಎಷ್ಟು" ಅನ್ನುವುದನ್ನಲ್ಲ. "ಉಪ್ಪು ಯಾವಾಗ, ಎಷ್ಟು ಏರುಪೇರಾಯಿತು" ಅನ್ನುವುದನ್ನು.

ವಹಿ ಇಲ್ಲದೆ ದೋಷ ಸಿಗುವುದಿಲ್ಲ

ನಾನು ಮೊದಲು ಕೇಳುವುದು ಒಂದು ಇನ್ನೂರು ಪುಟದ ವಹಿ. ಬೆಳಿಗ್ಗೆ ಎದ್ದು ಮೂತ್ರ ಮಾಡಿ, ಏನೂ ಕುಡಿಯುವ ಮುಂಚೆ ತೂಕ. ಅದೇ ಗೋಡೆ, ಅದೇ ಬೆಳಕು, ಅದೇ ಹೊತ್ತಿನಲ್ಲಿ ಮುಂದಿನಿಂದ, ಪಕ್ಕದಿಂದ, ಹಿಂದಿನಿಂದ ಮೂರು ಫೋಟೋ. ಆ ದಿನ ತಿಂದ ಅನ್ನ ಎಷ್ಟು ಗ್ರಾಂ, ಉಪ್ಪು ಎಷ್ಟು ಗ್ರಾಂ, ನೀರು ಎಷ್ಟು ಲೀಟರ್, ನಿದ್ದೆ ಎಷ್ಟು ಗಂಟೆ. ಇಷ್ಟೇ. ಕನಿಷ್ಠ ನಾಲ್ಕು ವಾರ.

ಉಪ್ಪನ್ನು ಕೈಯಳತೆಯಲ್ಲಿ ಹಾಕಬೇಡಿ. ಸಣ್ಣ ತಕ್ಕಡಿ ತಗೊಳ್ಳಿ. ಬೆಳಿಗ್ಗೆಯೇ ಆ ದಿನದ ಉಪ್ಪು ತೂಗಿ ಒಂದು ಡಬ್ಬಿಗೆ ಹಾಕಿಟ್ಟು, ಅಡುಗೆಗೂ ಅದರಲ್ಲೇ ತೆಗೆಯಿರಿ. ಒಂದು ಗ್ರಾಂ ಉಪ್ಪಿನಲ್ಲಿ ಸುಮಾರು 400 ಮಿಲಿಗ್ರಾಂ ಸೋಡಿಯಂ ಇದೆ. ಮಟ್ಟ ಮಾಡಿದ ಒಂದು ಚಹಾ ಚಮಚ ಉಪ್ಪು ಅಂದರೆ ಐದರಿಂದ ಆರು ಗ್ರಾಂ. ಸಾಮಾನ್ಯ ಜನಕ್ಕೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಕಲಬುರಗಿಯ ಬೇಸಿಗೆಯಲ್ಲಿ 42 ಡಿಗ್ರಿ ಬಿಸಿಲಿದ್ದಾಗ ದಿನಾ ಎರಡು ಗಂಟೆ ತಾಲೀಮು ಮಾಡಿ ಬೆವರು ಸುರಿಸುವವನ ಲೆಕ್ಕ ಬೇರೆ. ಒಂದು ಲೀಟರ್ ಬೆವರಿನಲ್ಲಿ ಸುಮಾರು ಒಂದು ಗ್ರಾಂ ಸೋಡಿಯಂ ಹೋಗಬಹುದು. ಕೆಲವರಿಗೆ ಅರ್ಧ, ಕೆಲವರಿಗೆ ಅದಕ್ಕಿಂತ ಜಾಸ್ತಿ. ಕಪ್ಪು ಬನಿಯನ್ ಒಣಗಿದ ಮೇಲೆ ಬಿಳಿ ಗೆರೆ ಮೂಡುವವರು ಜಾಸ್ತಿ ಕಳೆದುಕೊಳ್ಳುವವರು.

ವಹಿ ಇಲ್ಲದ ಹುಡುಗ ಸ್ಪರ್ಧೆಗೆ ಎರಡು ದಿನ ಇರುವಾಗ ಬಂದರೆ ನಾನು ಏನನ್ನೂ ಬದಲಾಯಿಸುವುದಿಲ್ಲ. ಹಿಂದಿನ ವಾರ ಹೇಗಿದ್ದೆಯೋ ಹಾಗೇ ತಿನ್ನು, ಹಾಗೇ ಕುಡಿ ಅನ್ನುತ್ತೇನೆ.

ಮೈ ಚಪ್ಪಟೆ, ಪಂಪ್ ಹತ್ತುತ್ತಿಲ್ಲ, ನರ ಕಾಣುತ್ತಿಲ್ಲ

ಇದೇ ನಾನು ಜಾಸ್ತಿ ಕಾಣುವ ದೋಷ. ನಾನೇ ಅನುಭವಿಸಿದ್ದೂ ಇದನ್ನೇ.

ಆಗ 70 ಕೆಜಿ ವಿಭಾಗದಲ್ಲಿ ಸ್ಪರ್ಧಿಸುತ್ತಿದ್ದೆ. ಮೇ ತಿಂಗಳು. ಐದು ದಿನದಿಂದ ಉಪ್ಪಿಲ್ಲ, ಹಿಂದಿನ ಮಧ್ಯಾಹ್ನದಿಂದ ನೀರಿಲ್ಲ. ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು. ವೇದಿಕೆ ಹಿಂದೆ ರಬ್ಬರ್ ಬ್ಯಾಂಡ್ ಎಳೆದೆ, ದಂಡ ಹೊಡೆದೆ. ಬೇರೆ ದಿನ ಇಪ್ಪತ್ತು ದಂಡ ಹೊಡೆದರೆ ಎದೆ ಉಬ್ಬಿ ಬನಿಯನ್ ಬಿಗಿಯುತ್ತಿತ್ತು. ಅವತ್ತು ನೂರಾದರೂ ಏನಿಲ್ಲ. ಮುಂಗೈ ನರ ಸಹ ಅಡಗಿಹೋಗಿತ್ತು. ಮುಖ ಮಾತ್ರ ಒಳಸೇರಿತ್ತು. ತೀರ್ಪುಗಾರರು ಮೊದಲ ಸಾಲಿಗೆ ಕರೆದ ನಂಬರುಗಳಲ್ಲಿ ನನ್ನದು ಇರಲಿಲ್ಲ.

ರಾತ್ರಿ ಮನೆಗೆ ಬಂದು ತಹರಿ ತಿಂದೆ, ಮಿರ್ಚಿ ಭಜ್ಜಿ ತಿಂದೆ, ಒಂದು ಕೊಡದಷ್ಟು ನೀರು ಕುಡಿದೆ ಅನ್ನಿಸುತ್ತದೆ. ಬೆಳಿಗ್ಗೆ ಹಲ್ಲುಜ್ಜಲು ಕನ್ನಡಿ ಮುಂದೆ ನಿಂತರೆ ಭುಜದಿಂದ ತೋಳಿಗೆ ನರ ಹಗ್ಗದ ಹಾಗೆ ಇಳಿದಿತ್ತು. ಎದೆ ತುಂಬಿತ್ತು. ಹೊಟ್ಟೆಯ ಗೆರೆ ಹಾಗೇ ಇತ್ತು, ಮುಚ್ಚಿರಲಿಲ್ಲ. ಅವ್ವ ಹಿಂದೆ ಬಂದು ನಿಂತು ಹೇಳಿದಳು: "ನಿನ್ನೆ ಹಿಂಗ ಇದ್ದಿದ್ರ ಆಗ್ತಿತ್ತಲ್ಲಪಾ." ಆ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ.

ಸ್ಪರ್ಧೆಯ ಮರುದಿನ ಮೈ ಚೆನ್ನಾಗಿ ಕಂಡರೆ ಉತ್ತರ ಸಿಕ್ಕಿತು ಅಂತಲೇ ಅರ್ಥ. ಕೊಬ್ಬು ಸಾಕಷ್ಟು ಇಳಿದಿತ್ತು, ತಯಾರಿ ಸರಿಯಾಗಿತ್ತು. ಕೊನೆಯ ವಾರ ನಾವೇ ಕೆಡಿಸಿಕೊಂಡೆವು.

ಕಾರಣ ನೋಡಿ. ಪಂಪ್ ಅಂದರೆ ಸ್ನಾಯುವಿಗೆ ನುಗ್ಗುವ ರಕ್ತ. ನೀರೂ ಸೋಡಿಯಮ್ಮೂ ಇಲ್ಲದಿದ್ದರೆ ರಕ್ತದ ಪ್ರಮಾಣವೇ ಕಡಿಮೆ. ನುಗ್ಗಲು ಏನಿದೆ? ನರ ಎದ್ದು ಕಾಣುವುದೂ ರಕ್ತ ತುಂಬಿದಾಗಲೇ.

ಎರಡನೇ ಕಾರಣ ಕಾರ್ಬ್ ಲೋಡ್. ಕೊನೆಯ ಎರಡು ಮೂರು ದಿನ ಅನ್ನ ಜಾಸ್ತಿ ತಿಂದು ಸ್ನಾಯುವಿನಲ್ಲಿ ಗ್ಲೈಕೋಜನ್, ಅಂದರೆ ಕೂಡಿಟ್ಟ ಸಕ್ಕರೆ, ತುಂಬಿಸುತ್ತೇವೆ. ಒಂದು ಗ್ರಾಂ ಗ್ಲೈಕೋಜನ್ ಕೂರಲು ಸುಮಾರು ಮೂರು ಗ್ರಾಂ ನೀರು ಬೇಕು. 400 ಗ್ರಾಂ ತುಂಬಿಸಬೇಕಾದರೆ ಒಂದು ಲೀಟರಿಗೂ ಹೆಚ್ಚು ನೀರು ಸ್ನಾಯುವಿನ ಒಳಗೇ ಹೋಗಬೇಕು. ಅನ್ನ ಕೊಟ್ಟು ನೀರು ಕಿತ್ತುಕೊಂಡರೆ ತುಂಬುವುದು ಹೇಗೆ? ಇನ್ನೂ ಇದೆ. ಸಣ್ಣ ಕರುಳಿನಲ್ಲಿ ಗ್ಲೂಕೋಸ್ ಒಳಗೆ ಬರುವುದು ಸೋಡಿಯಂ ಕೈಹಿಡಿದುಕೊಂಡೇ. ವಾಂತಿ ಭೇದಿಗೆ ಕೊಡುವ ಓಆರ್‌ಎಸ್ ಪುಡಿಯಲ್ಲಿ ಸಕ್ಕರೆ, ಉಪ್ಪು ಎರಡೂ ಇರುವುದು ಇದೇ ಕಾರಣಕ್ಕೆ. ಉಪ್ಪಿಲ್ಲದ ಸಪ್ಪೆ ಅನ್ನವನ್ನು ಕೆಜಿಗಟ್ಟಲೆ ತಿಂದವನ ಹೊಟ್ಟೆ ಉಬ್ಬುತ್ತದೆ, ತೋಳು ತುಂಬುವುದಿಲ್ಲ.

ಪತ್ತೆ ಮಾಡುವುದು ಸುಲಭ. ವಹಿ ತೆಗೆಯಿರಿ. ಮೂರು ದಿನದಲ್ಲಿ ತೂಕ ಎರಡು ಮೂರು ಕೆಜಿ ಬಿದ್ದಿದೆಯಾ? ಮೂತ್ರ ಸಾಸಿವೆ ಎಣ್ಣೆ ಬಣ್ಣಕ್ಕೆ ತಿರುಗಿದೆಯಾ? ಕೂತು ಎದ್ದರೆ ತಲೆ ತಿರುಗುತ್ತದಾ? ಹಾಗಿದ್ದರೆ ದೋಷ ನೀರು, ಉಪ್ಪಿನ ಕೊರತೆ. ತೂಕ ಹಾಗೇ ಇದೆ, ಮೂತ್ರ ತಿಳಿಯಾಗಿದೆ, ಆದರೂ ಚಪ್ಪಟೆ ಅಂದರೆ ಅನ್ನ ಸಾಲುತ್ತಿಲ್ಲ.

ಸರಿಪಡಿಸಲು ಒಂದೇ ಸಲ ಎರಡು ಲೀಟರ್ ಸುರಿಯಬೇಡಿ. ಅರ್ಧ ಗಂಟೆಗೊಮ್ಮೆ 200–250 ಮಿಲಿ. ಪ್ರತಿ ಊಟಕ್ಕೂ ರೂಢಿಯ ಉಪ್ಪು ಹಾಕಿದ ಅನ್ನ. ಮೂರು ನಾಲ್ಕು ಗಂಟೆಯಲ್ಲಿ ಮೂತ್ರ ತಿಳಿ ಹಳದಿಗೆ ಬರಬೇಕು. ಆಮೇಲೆ ಹತ್ತು ದಂಡ ಹೊಡೆದು ನೋಡಿ. ಸ್ಪರ್ಧೆಗೆ ಇನ್ನೂ ಒಂದು ದಿನ ಇದ್ದರೆ ಹೆಚ್ಚಿನ ಸಲ ಮೈ ವಾಪಸ್ ಬರುತ್ತದೆ. ಆರು ಗಂಟೆ ಮಾತ್ರ ಇದ್ದರೆ ಅರ್ಧ ಬರುತ್ತದೆ, ಅದನ್ನು ಒಪ್ಪಿಕೊಳ್ಳಿ.

ಮೈ ಮಂಕು, ಗೆರೆ ಮುಚ್ಚಿದೆ

ಇದಕ್ಕೆ ಎಲ್ಲರೂ "ನೀರು ನಿಂತಿದೆ" ಅನ್ನುತ್ತಾರೆ. ನನಗೆ ಹೇಳಲು ಬೇಜಾರಾಗುತ್ತದೆ, ಆದರೆ ಹತ್ತಿರದಿಂದ ನೋಡಿದರೆ ಹೆಚ್ಚಿನ ಸಲ ಅದು ನೀರಲ್ಲ, ಕೊಬ್ಬು. ಸೊಂಟದ ಹಿಂದೆ, ಹೊಕ್ಕಳ ಕೆಳಗೆ ಎರಡು ಬೆರಳಲ್ಲಿ ಚರ್ಮ ಹಿಡಿಯಿರಿ. ದಪ್ಪ ಸಿಕ್ಕರೆ, ನಾಲ್ಕು ವಾರದ ಫೋಟೋಗಳಲ್ಲೂ ಅಲ್ಲಿ ಗೆರೆ ಇಲ್ಲದಿದ್ದರೆ, ಉಪ್ಪು ನೀರಿನಿಂದ ಅಲ್ಲಿ ಗೆರೆ ಮೂಡುವುದಿಲ್ಲ. ಇನ್ನೂ ಮೂರು ವಾರ ಡಯಟ್ ಬೇಕಿತ್ತು, ಅಷ್ಟೇ. ಮುಂದಿನ ಸ್ಪರ್ಧೆ ನೋಡಿಕೊಳ್ಳೋಣ.

ಹೋದ ವಾರದ ಫೋಟೋದಲ್ಲಿ ಗೆರೆ ಇತ್ತು, ಈಗ ಇಲ್ಲ ಅಂದರೆ ಅದು ನೀರಿನ ಕೇಸು. ಆಗ ಹೆಬ್ಬೆರಳಿನ ಪರೀಕ್ಷೆ ಮಾಡಿ. ಮೊಣಕಾಲ ಕೆಳಗೆ, ಮುಂಭಾಗದ ಎಲುಬಿನ ಮೇಲೆ ಹೆಬ್ಬೆರಳು ಒತ್ತಿ ಹತ್ತು ಎಣಿಸಿ ತೆಗೆಯಿರಿ. ಗುಳಿ ಬಿದ್ದು ನಿಧಾನ ತುಂಬಿದರೆ ಬಾವು ಇದೆ. ಸಾಕ್ಸ್ ಬಿಚ್ಚಿದಾಗ ಕಣಕಾಲಿನ ಸುತ್ತ ಆಳದ ಉಂಗುರ ಉಳಿದರೂ ಅದೇ.

ರಾಜ್ಯಮಟ್ಟದ ಸ್ಪರ್ಧೆಗೆ ಬೆಂಗಳೂರಿಗೆ ಹೋಗುವ ನಮ್ಮ ಹುಡುಗರಲ್ಲಿ ಈ ಉಂಗುರವನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ರಾತ್ರಿಯಿಡೀ ರೈಲಲ್ಲಿ ಕಾಲು ಇಳಿಬಿಟ್ಟು ಕೂತಿರುತ್ತಾರೆ. ನೀರು ಕಾಲಿಗೆ ಇಳಿಯುತ್ತದೆ. ಬೆಳಿಗ್ಗೆ ತೊಡೆಯ ಗೆರೆ ಮಾಯ. ಹುಡುಗ ಗಾಬರಿಯಾಗಿ ನೀರು ಬಿಡುತ್ತಾನೆ. ಅಲ್ಲಿಗೆ ಸಣ್ಣ ದೋಷ ದೊಡ್ಡದಾಗುತ್ತದೆ. ಮಾಡಬೇಕಾದ್ದು ಇಷ್ಟೇ: ಬರ್ತ್ ಮಾಡಿಸಿ, ಮಲಗಿ ಹೋಗಿ, ಆಗಾಗ ಎದ್ದು ಓಡಾಡಿ. ಇಳಿದ ಮೇಲೆ ಕಾಲು ಗೋಡೆಗೆ ಎತ್ತಿ ಇಟ್ಟು ಒಂದು ಗಂಟೆ ಮಲಗಿ. ಸಾಧ್ಯವಾದರೆ ಒಂದು ದಿನ ಮುಂಚೆಯೇ ಸ್ಪರ್ಧೆಯ ಊರು ತಲುಪಿ.

ಗುಪ್ತ ಉಪ್ಪು ಇನ್ನೊಂದು ಕಾರಣ. ಊಟದಲ್ಲಿ ಉಪ್ಪು ಬಿಟ್ಟೆ ಅನ್ನುವವನ ಚೀಲ ತೆಗೆದು ನೋಡಿದರೆ ಬ್ರೆಡ್ ಇರುತ್ತದೆ, ಹಪ್ಪಳ ಇರುತ್ತದೆ, ಪ್ರೋಟೀನ್ ಪುಡಿ ಇರುತ್ತದೆ. ಜೋಳದ ರೊಟ್ಟಿಗೆ ಉಪ್ಪು ಹಾಕುವುದಿಲ್ಲ ನಿಜ, ಆದರೆ ಅದರ ಜೊತೆ ಶೇಂಗಾ ಹಿಂಡಿ, ಉಪ್ಪಿನಕಾಯಿ ಬಿಡುವವರು ಯಾರು? ಅಡುಗೆ ಸೋಡಾದಲ್ಲೂ ಸೋಡಿಯಂ ಇದೆ, ತೂಕದ ಕಾಲು ಭಾಗಕ್ಕಿಂತ ಜಾಸ್ತಿ. ಬೋರ್‌ವೆಲ್ ನೀರು ಸವಳಾಗಿದ್ದರೆ ಅದೂ ಲೆಕ್ಕಕ್ಕೆ ಬರುತ್ತದೆ. ಲೀಟರಿಗೆ 200 ಮಿಲಿಗ್ರಾಂ ಸೋಡಿಯಂ ದಾಟಿದರೆ ನಾಲಿಗೆಗೆ ಗೊತ್ತಾಗುತ್ತದೆ. ಅಂಥ ನೀರು ದಿನಕ್ಕೆ ಐದು ಲೀಟರ್ ಕುಡಿದರೆ ಒಂದು ಗ್ರಾಂ ಸೋಡಿಯಂ ಒಳಗೆ ಹೋಯಿತು. ಊರು ಬದಲಾದಾಗ ನೀರೂ ಬದಲಾಗುತ್ತದೆ ಅನ್ನುವುದು ನೆನಪಿರಲಿ. ಇವುಗಳಲ್ಲಿ ಯಾವುದೂ ಕೆಟ್ಟದ್ದಲ್ಲ. ಹತ್ತು ವಾರ ಇಲ್ಲದ್ದು ಕೊನೆಯ ಎರಡು ದಿನ ನುಸುಳುವುದೇ ದೋಷ.

ಅನ್ನ ಅತಿಯಾದರೂ ಮೈ ಮಂಕಾಗುತ್ತದೆ. ಸ್ನಾಯು ತುಂಬಿದ ಮೇಲೂ ತುರುಕಿದರೆ ಇನ್ಸುಲಿನ್ ಏರುತ್ತದೆ. ಇನ್ಸುಲಿನ್ ಏರಿದಾಗ ಕಿಡ್ನಿ ಸೋಡಿಯಂ ಹಿಡಿಯುತ್ತದೆ, ಅದರ ಜೊತೆ ನೀರೂ ನಿಲ್ಲುತ್ತದೆ. ಗುರುತು ಏನೆಂದರೆ ಪಂಪ್ ಜೋರಾಗಿ ಹತ್ತುತ್ತದೆ, ನರ ಇದೆ, ಆದರೆ ಗೆರೆ ಇಲ್ಲ. ಚಪ್ಪಟೆ ಮೈಗೂ ಇದಕ್ಕೂ ಇರುವ ವ್ಯತ್ಯಾಸ ಇದೇ, ಇದನ್ನು ಸರಿಯಾಗಿ ನೋಡಿ. ಎರಡಕ್ಕೂ ಔಷಧಿ ತಿರುಗುಮುರುಗು. ಇಲ್ಲಿ ಅನ್ನ ಕಡಿಮೆ ಮಾಡಿ, ಉಪ್ಪು, ನೀರು ಮೊದಲಿನಷ್ಟೇ ಇಟ್ಟು, ಅರ್ಧ ದಿನ ಕಾಯಬೇಕು. ನಿಧಾನ ನಡಿಗೆ ಒಳ್ಳೆಯದು.

ನಿದ್ದೆಗೆಟ್ಟವನ ಮೈಯೂ ಮಂಕಾಗಿ ಕಾಣುತ್ತದೆ. ವಹಿಯಲ್ಲಿ ಮೂರು ರಾತ್ರಿ ನಾಲ್ಕು ಗಂಟೆ ನಿದ್ದೆ ಅಂತಿದ್ದರೆ ನಾನು ಬೇರೇನೂ ನೋಡುವುದಿಲ್ಲ, ಮಲಗಿಸುತ್ತೇನೆ.

ಹೊಟ್ಟೆ ಉಬ್ಬಿದೆ

ಇದು ನೀರಿನ ತೊಂದರೆಯೇ ಅಲ್ಲ, ಕರುಳಿನದು. ಜೋಳ, ತೊಗರಿ ಬೇಳೆ, ಪುಂಡಿ ಪಲ್ಯ ವರ್ಷವಿಡೀ ಚಿನ್ನದಂಥ ಊಟ. ಆದರೆ ನಾರು ಜಾಸ್ತಿ. ಕೊನೆಯ ಎರಡು ದಿನ ರೊಟ್ಟಿ ಬದಲು ಬಿಳಿ ಅನ್ನ, ಬೇಳೆ ಬದಲು ಮೊಟ್ಟೆಯ ಬಿಳಿ ಅಥವಾ ಕೋಳಿ ತಿನ್ನಿ. ಹಸಿ ತರಕಾರಿ ನಿಲ್ಲಿಸಿ. ಹಾಲಿನ ಪ್ರೋಟೀನ್ ಪುಡಿ ಆಗದವರು ಅದನ್ನೂ. ತಾಲೀಮಿನ ಶಕ್ತಿಗೆ ತಿನ್ನುವ ಕ್ರಿಯಾಟಿನ್ ಪುಡಿ ನಿಲ್ಲಿಸುವ ಅಗತ್ಯ ಇಲ್ಲ. ಅದು ನೀರು ಹಿಡಿಯುವುದು ಸ್ನಾಯುವಿನ ಒಳಗೆ. ಇವತ್ತು ನಿಲ್ಲಿಸಿದರೂ ಪೂರ್ತಿ ಇಳಿಯಲು ವಾರಗಳು ಬೇಕು.

ತೂಕ ಅರ್ಧ ಕೆಜಿ ಜಾಸ್ತಿ ತೋರಿಸುತ್ತಿದೆ

60 ಕೆಜಿ ವಿಭಾಗಕ್ಕೆ ಹೆಸರು ಕೊಟ್ಟವನು 60.6 ಇದ್ದಾನೆ. ನೀರು ಬಿಡುವ ಆಸೆ ಹುಟ್ಟುವುದೇ ಇಲ್ಲಿ. ಮೇಲೆ ಹೇಳಿದ ಹಾಗೆ ನಾರು ಕಡಿಮೆ ಊಟ ಎರಡು ದಿನ ಮಾಡಿದರೆ ಕರುಳಿನ ಭಾರವೇ ಅರ್ಧ ಕೆಜಿ ಇಳಿಯುವುದುಂಟು. ಅದರಿಂದ ಆದರೆ ಆಯಿತು. ಒಂದೂವರೆ ಎರಡು ಕೆಜಿ ಜಾಸ್ತಿ ಇದ್ದರೆ 65ರಲ್ಲಿ ನಿಲ್ಲಿ. ತುಂಬಿದ ಮೈಯಲ್ಲಿ ಮೇಲಿನ ವಿಭಾಗದಲ್ಲಿ ನಿಂತವನು, ಬತ್ತಿದ ಮೈಯಲ್ಲಿ ಕೆಳಗಿನ ವಿಭಾಗದಲ್ಲಿ ನಿಂತವನಿಗಿಂತ ಚೆನ್ನಾಗಿ ಕಾಣುತ್ತಾನೆ.

ಪೋಸ್ ಕೊಡುವಾಗ ಸೆಳೆತ

ಮೀನಖಂಡ, ತೊಡೆಯ ಹಿಂಭಾಗ, ಹೊಟ್ಟೆ ಹಿಡಿದುಕೊಳ್ಳುತ್ತದೆ. ಉಪ್ಪು, ನೀರು ಬಿಟ್ಟವನಿಗೆ ಮೊದಲು ಅವನ್ನೇ ಕೊಡಿ. ಬಾಳೆಹಣ್ಣೊಂದೇ ಸಾಕು ಅಂತ ನಂಬಿ ಕೂರಬೇಡಿ, ಅದರಲ್ಲಿ ಸೋಡಿಯಂ ಇಲ್ಲವೇ ಇಲ್ಲ ಅನ್ನಬೇಕು. ಓಆರ್‌ಎಸ್ ಪುಡಿಯನ್ನು ಪೊಟ್ಟಣದ ಮೇಲೆ ಬರೆದಷ್ಟೇ ನೀರಿನಲ್ಲಿ ಕಲಸಿ ಗುಟುಕು ಗುಟುಕಾಗಿ ಕುಡಿಸಿ. ಉಪ್ಪು ನೀರು ಸರಿಯಿದ್ದೂ ಸೆಳೆತ ಬಂದರೆ ದಣಿವು ಕಾರಣ: ಪೋಸಿಂಗ್ ಅಭ್ಯಾಸ ಸಾಲದು. ಒಂದು ಪೋಸ್ ಅನ್ನು ಮೂವತ್ತು ಸೆಕೆಂಡ್ ಹಿಡಿಯುವುದು ವಾರಗಟ್ಟಲೆ ರೂಢಿಯಾಗಬೇಕು. ಸೆಳೆತದ ಜೊತೆ ಎದೆಬಡಿತ ತಪ್ಪಿದರೆ ಮೊದಲ ಭಾಗಕ್ಕೆ ಹೋಗಿ, ಅಲ್ಲಿ ಹೇಳಿದ್ದು ಮಾಡಿ.

ಸ್ಪರ್ಧೆಯ ದಿನ ನಾನು ಮಾಡಿಸುವುದು

ವಾರವಿಡೀ ಉಪ್ಪು ಅಷ್ಟೇ, ನೀರು ಅಷ್ಟೇ. ಎಂಟು ಗ್ರಾಂ ತಿನ್ನುತ್ತಿದ್ದವನು ಎಂಟೇ ತಿನ್ನುತ್ತಾನೆ. ನಾಲ್ಕು ಲೀಟರ್ ಕುಡಿಯುತ್ತಿದ್ದವನು ನಾಲ್ಕೇ ಕುಡಿಯುತ್ತಾನೆ. ಸ್ಪರ್ಧೆಯ ಬೆಳಿಗ್ಗೆ ಮಾತ್ರ ದೊಡ್ಡ ಲೋಟ ಬಿಟ್ಟು ಗುಟುಕಿಗೆ ಇಳಿಯುತ್ತೇವೆ, ಹೊಟ್ಟೆ ಮುಂದೆ ಬರಬಾರದು ಅಂತ. ಬಾಯಾರಿದರೆ ಕುಡಿಯಲೇಬೇಕು. ವೇದಿಕೆಗೆ ಒಂದು ಗಂಟೆ ಇರುವಾಗ ಉಪ್ಪು ಉದುರಿಸಿದ ಒಂದು ಹಿಡಿ ಅನ್ನ, ಇಲ್ಲವೇ ಒಂದು ತುಂಡು ಬೆಲ್ಲ, ಚಿಟಿಕೆ ಉಪ್ಪು, ಒಂದು ಲೋಟ ನೀರು. ಆಮೇಲೆ ಪಂಪ್.

ಇದೆಲ್ಲವನ್ನೂ ಸ್ಪರ್ಧೆಗೆ ಮೂರು ವಾರ ಇರುವಾಗ ಒಂದು ಶನಿವಾರ ಮಾಡಿ ನೋಡುತ್ತೇವೆ. ಅವತ್ತು ಜಿಮ್ಮೇ ವೇದಿಕೆ. ಫೋಟೋ ತೆಗೆದು ವಹಿಗೆ ಅಂಟಿಸುತ್ತೇವೆ. ಯಾವ ಹೊತ್ತಿನಲ್ಲಿ, ಎಷ್ಟು ಅನ್ನದ ಮೇಲೆ ಮೈ ಚೆನ್ನಾಗಿತ್ತು ಅನ್ನುವುದು ಅಲ್ಲೇ ಸಿಗುತ್ತದೆ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು. ಅನ್ನ, ಉಪ್ಪು, ನೀರು ಮೂರನ್ನೂ ಒಂದೇ ದಿನ ಅಲುಗಾಡಿಸಿದರೆ ಯಾವುದರಿಂದ ಏನಾಯಿತು ಅಂತ ದೇವರೇ ಹೇಳಬೇಕು.

ಸಭಾಂಗಣದ ಏಸಿಯನ್ನೂ ಗಮನಿಸಿ. ತಣ್ಣಗಿದ್ದರೆ ನರ ಒಳಗೆ ಸರಿಯುತ್ತದೆ. ಇದನ್ನೂ ಹುಡುಗರು ನೀರಿನ ದೋಷ ಅಂದುಕೊಳ್ಳುತ್ತಾರೆ. ಟ್ರ್ಯಾಕ್ ಪ್ಯಾಂಟ್, ಜಾಕೆಟ್ ಹಾಕಿಕೊಂಡು ಬೆಚ್ಚಗಿರಿ. ಬೆವರುವಷ್ಟು ಬೇಡ, ವೇದಿಕೆಗಾಗಿ ಮೈಗೆ ಹಚ್ಚಿದ ಬಣ್ಣ ಇಳಿಯುತ್ತದೆ.

ಮುಗಿದ ಮೇಲಿನ ಬಾವು

ಸ್ಪರ್ಧೆ ಮುಗಿದ ರಾತ್ರಿ ಬಿರಿಯಾನಿ, ಸಿಹಿ, ತಂಪು ಪಾನೀಯ ಎಲ್ಲ ಒಟ್ಟಿಗೆ. ಎರಡು ದಿನದಲ್ಲಿ ಕಾಲು ಚಪ್ಪಲಿಗೆ ಹಿಡಿಸುವುದಿಲ್ಲ, ತೂಕ ನಾಲ್ಕೈದು ಕೆಜಿ ಏರಿರುತ್ತದೆ. ಉಪ್ಪು ಬಿಟ್ಟು ಆಲ್ಡೋಸ್ಟೀರೋನ್ ಏರಿಸಿಕೊಂಡವರಿಗೆ ಇದು ಇನ್ನೂ ಜೋರು. ಕಣಜದ ಬಾಯಿ ಇನ್ನೂ ಮುಚ್ಚಿಯೇ ಇರುತ್ತದಲ್ಲ. ಈ ಬಾವಿಗೆ ಹೆದರಿ ನೀರಿನ ಗುಳಿಗೆ ನುಂಗಿದವರನ್ನು ನೋಡಿದ್ದೇನೆ, ಅದು ಬೇಡವೇ ಬೇಡ. ಮೊದಲ ರಾತ್ರಿ ಬೇಕಾದ್ದು ತಿನ್ನಿ, ಅದು ನಿಮ್ಮ ಹಕ್ಕು. ಮರುದಿನದಿಂದ ವಹಿಯಲ್ಲಿದ್ದ ಉಪ್ಪು, ವಹಿಯಲ್ಲಿದ್ದ ನೀರು, ದಿನಾ ಅರ್ಧ ಗಂಟೆ ನಡಿಗೆ, ರಾತ್ರಿ ಕಾಲ ಕೆಳಗೆ ದಿಂಬು. ಒಂದು ವಾರದೊಳಗೆ ಸಾಕ್ಸಿನ ಉಂಗುರ ಮಾಸಬೇಕು. ಮಾಸದಿದ್ದರೆ, ಬೆಳಿಗ್ಗೆ ಮುಖ, ಕಣ್ಣ ಕೆಳಗೆ ಊದಿಕೊಂಡಿದ್ದರೆ, ಮೂತ್ರದಲ್ಲಿ ನೊರೆ ಕಂಡರೆ ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತೋರಿಸುವ ರಕ್ತ ಪರೀಕ್ಷೆ) ಮತ್ತು ಮೂತ್ರ ಪರೀಕ್ಷೆ ಮಾಡಿಸಿ. ಮಲಗಿದಾಗ ಉಸಿರು ಕಟ್ಟಿದರೆ ವಾರ ಕಾಯಬೇಡಿ, ಅದೇ ರಾತ್ರಿ ಆಸ್ಪತ್ರೆಗೆ ಹೋಗಿ.